ಪ್ರಭಾವವೋ? ಅಪಹಾರವೋ?

ಕಲಾವಿದನೊಬ್ಬನು ತನಗೆ ಪ್ರಿಯವಾದ ಕೃತಿಗಳ ಹೆಸರನ್ನು ಮನಬಿಚ್ಚಿ ಹೇಳಿದೊಡನೆಯೇ ಅವನ ಕೃತಿಗಳಲ್ಲಿ ಸಾಲದ ಲೆಕ್ಕವನ್ನು ಹುಡುಕಲು ಹೊರಡುವ ವಿಮರ್ಶಕರುಂಟು. ಈ ಚಾಪಲ್ಯಕ್ಕೆ ಸತ್ಯಜಿತ್ ರಾಯರೂ ಗುರಿಯಾಗದೆ ಉಳಿದಿಲ್ಲ.

೧೯೫೦ರಲ್ಲಿ ಜಾಹೀರಾತು ಸಂಸ್ಥೆಯೊಂದರ ಕೆಲಸದ ನಿಮಿತ್ತ ಲಂಡನ್ನಿಗೆ ಹೋದ ರಾಯರು ಕೆಲವೇ ತಿಂಗಳುಗಳಲ್ಲಿ ಸುಮಾರು ನೂರು ಚಿತ್ರಗಳನ್ನು ನೋಡಿದರು. ಅವುಗಳಲ್ಲಿ ಇಟಲಿಯ ವಿತ್ತೋರಿಯೋ ಡಿ ಸೀಕನ 'ಬೈಸಿಕಲ್ ಥೀವ್ಸ್' (೧೯೪೮) ತಮ್ಮ ಮನಸ್ಸನ್ನು ಸೆರೆಹಿಡಿಯಿತೆಂಬುದನ್ನು ಅವರು ಮರೆಮಾಚಲಿಲ್ಲ. ೧೯೫೫ರಲ್ಲಿ ಅವರ 'ಪಥೇರ್ ಪಾಂಚಾಲಿ' ಹೊರಬಂದಿತು. ಎರಡರಲ್ಲಿಯೂ ಬಡತನವಿದೆ, ಬಾಲಕನಿದ್ದಾನೆ, ಕಳವೂ ಇದೆ. ಆದುದರಿಂದ ಇದು ಅದರ ಪಡಿಯಚ್ಚೆಂಬುದು ಪೂರ್ವಪಕ್ಷ.

ಈ ವಾದವು ಕಾಲಗಣನೆಯ ಮುಂದೆಯೇ ನಿಲ್ಲಲಾರದು. ಆ ಬಡತನವೂ ಬಾಲಕನೂ ಕಳವೂ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯಿಂದ ಬಂದವು. ಅದು ಗ್ರಂಥರೂಪದಲ್ಲಿ ಪ್ರಕಟವಾದುದು ೧೯೨೯ರಲ್ಲಿ. ಹತ್ತೊಂಬತ್ತು ವರ್ಷಗಳ ತರುವಾಯ ಹುಟ್ಟಿದ ಚಿತ್ರದಿಂದ ಅದು ಸಾಲ ತಂದುದು ಹೇಗೆ?

ಹಾಗಾದರೆ ರಾಯರು ಪಡೆದುದೇನು? ಧೈರ್ಯ. ಕೃತಕ ಸಜ್ಜಿಕೆಯಿಲ್ಲದೆ, ತಾರೆಯರ ಹಂಗಿಲ್ಲದೆ, ಬಯಲ ಬೆಳಕಿನಲ್ಲಿಯೇ ಚಿತ್ರವನ್ನು ಮಾಡಬಹುದೆಂಬ ಧೈರ್ಯ. ಅದನ್ನು ಅವರು ಕಲ್ಕತ್ತೆಯ ಬಳಿಯ ಬೋರಾಲ್ ಗ್ರಾಮಕ್ಕೆ ಕೊಂಡೊಯ್ದರು. ರೋಮಿನಲ್ಲಿ ತಂದೆಯ ಕಳವನ್ನು ಕಣ್ಣಾರೆ ಕಂಡ ಮಗನು ಅವನ ಕೈಹಿಡಿದು ನಡೆಯುತ್ತಾನೆ. ಬಂಗಾಳದಲ್ಲಿ ತೀರಿಹೋದ ಅಕ್ಕನ ಕಳವು ಬೆಳಕಿಗೆ ಬಾರದಂತೆ ತಮ್ಮನು ಸರವನ್ನು ಕೊಳಕ್ಕೆಸೆಯುತ್ತಾನೆ, ಪಾಚಿಯು ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಕರುಣೆಯೊಂದೇ, ಜೀವಗಳು ಎರಡು.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕಾವ್ಯಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿರುವನು: ಪ್ರತಿಬಿಂಬದಂತೆ, ಚಿತ್ರಪಟದಂತೆ, ತುಲ್ಯದೇಹಿಯಂತೆ. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಮುಖವು ಹೋಲಿದ ಮಾತ್ರಕ್ಕೆ ಇಬ್ಬರು ಮನುಷ್ಯರು ಒಬ್ಬನೇ ಆಗುವುದಿಲ್ಲವಷ್ಟೆ!

ಸಿನಿಮಾ ಪ್ರಪಂಚದಲ್ಲಿ ಪ್ರತಿಬಿಂಬಗಳೇ ಇಲ್ಲವೆಂದಲ್ಲ. ಜಪಾನಿನ ಕುರೊಸಾವನ 'ಯೋಜಿಂಬೊ' (೧೯೬೧) ಚಿತ್ರದ ಕಥೆಯನ್ನು ಅನುಮತಿಯಿಲ್ಲದೆ ಬಳಸಿದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' (೧೯೬೪) ಚಿತ್ರದವರು ವ್ಯಾಜ್ಯಕ್ಕೆ ಸಿಲುಕಿ ಪರಿಹಾರವನ್ನು ತೆರಬೇಕಾಯಿತು. ಅದನ್ನೂ ರಾಯರ ಋಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಯಲ್ಲ.

ಇಂತಹ ಅವಿವೇಕದಿಂದ ರಾಯರಿಗೆ ಹಾನಿಯಿಲ್ಲ. ಹಾನಿಯೆಲ್ಲ ಮುಂದೆ ಬರತಕ್ಕವರಿಗೆ. ಗುರುವಿನ ಹೆಸರು ಹೇಳಿದವನಿಗೆ ಕಳ್ಳನೆಂಬ ಬಿರುದು ದೊರೆಯುವುದಾದರೆ, ತರುಣರು ತಮ್ಮ ಗುರುಗಳನ್ನು ಬಚ್ಚಿಡಲು ಕಲಿಯುವರು. ನಿಜವಾಗಿ ಕದ್ದವನಿಗೂ ಆಗ ಅದೇ ಮರೆಯು ಒದಗುವುದು.