ಕಿವಿ ಕಟ್ಟಿಲ್ಲ, ತೆರೆದಿದೆ!



ಕಿವಿಯಲ್ಲಿ ಏನಾದರೂ ಇರುಸುಮುರುಸಾದರೆ ನಾವು ಮನೆಯಲ್ಲಿ “ಕಿವಿ ಕಟ್ಟಿದೆ” ಎನ್ನುತ್ತೇವೆ. ಪಕ್ಕದ ಮನೆಯ ತೆಲುಗಿನವರು “ಚೆವಿ ದಿಬ್ಬಡ” ಎನ್ನುತ್ತಾರೆ. ಚಾರ್‌ಮಿನಾರಿನ ಕಡೆ ಹೋದರೆ “ಕಾನ್ ಬಂದ್ ಹೋಗಯಾ”. ನೀವು ಕಾಲೇಜಿನಲ್ಲಿ “ಬ್ಲಾಕ್ ಆಗಿದೆ” ಎನ್ನುತ್ತೀರಿ. ಭಾಷೆ ನಾಲ್ಕಾದರೂ ಮಾತು ಒಂದೇ! ಆದರೆ ಕಟ್ಟಿದ ಹಾಗೆ ಅನ್ನಿಸಿದರೂ ಕಟ್ಟದೆ ಇರುವ, ಮುಚ್ಚಬೇಕಾದದ್ದು ಮುಚ್ಚದೆ ಇರುವ ಒಂದು ತೊಂದರೆ ಕಿವಿಗೆ ಬರುತ್ತದೆ. ಅದನ್ನು ಹೇಳುವ ಮಾತು ಈ ನಾಲ್ಕು ಭಾಷೆಗಳ ಬಳಕೆಯಲ್ಲೂ ಇಲ್ಲ. ತೂಕ ಇಳಿಸುವ ಹುರುಪು ಈಗ ನಿಮ್ಮಲ್ಲಿ ಜಾಸ್ತಿ ಇರುವುದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಮೂಗಿನ ಹಿಂಭಾಗದಿಂದ ಕಿವಿಯ ತಮಟೆಯ ಹಿಂದಿನ ಗೂಡಿಗೆ ಒಂದು ಸಣ್ಣ ನಾಳವಿದೆ. ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. 16ನೇ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಯುಸ್ಟಾಕಿಯ ಹೆಸರಿನಿಂದ ಅದಕ್ಕೆ ಯೂಸ್ಟೇಷಿಯನ್ ನಾಳ ಎನ್ನುತ್ತಾರೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಘಾಟಿ ಇಳಿಯುತ್ತಿದ್ದಂತೆ ಕಿವಿ ಭಾರವಾಗಿ, ಒಂದು ಸಲ ಉಗುಳು ನುಂಗಿದರೆ “ಟಪ್” ಎಂದು ಹಗುರವಾಗುತ್ತದಲ್ಲ, ಆಗ ತೆರೆಯುವುದು ಇದೇ ನಾಳ. ನುಂಗುವಾಗ, ಆಕಳಿಸುವಾಗ ಕ್ಷಣಮಾತ್ರ ತೆರೆದು, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸರಿಮಾಡಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಉಳಿದ ಹೊತ್ತೆಲ್ಲ ಅದು ಮುಚ್ಚಿಯೇ ಇರಬೇಕು.

ಯಾಕೆ ಮುಚ್ಚಿರಬೇಕು? ಗೋಲ್ಕೊಂಡ ನೋಡಿದ್ದೀರಿ. ಫತೇ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ದೂರದ ಬಾಲಾ ಹಿಸ್ಸಾರದ ಮೇಲೆ ಕೇಳಿಸುತ್ತದೆ ಎಂದು ಗೈಡುಗಳು ತೋರಿಸುತ್ತಾರೆ. ಕೋಟೆಗೆ ಅದು ಒಳ್ಳೆಯದು, ಶತ್ರು ಬಂದದ್ದು ತಿಳಿಯುತ್ತದೆ. ನಮ್ಮ ಗಂಟಲಿನ ಸದ್ದೆಲ್ಲ ಹಾಗೆ ಒಳದಾರಿಯಿಂದ ನೇರವಾಗಿ ಕಿವಿಗೆ ಬಂದರೆ ಬದುಕುವುದು ಹೇಗೆ?

ನನ್ನ ತಂಗಿಯ ಮಗಳಿಗೆ ಹಾಗೇ ಆಯಿತು. ಮದುವೆ ನಿಶ್ಚಯವಾದ ಮೇಲೆ ನಾಲ್ಕು ತಿಂಗಳಲ್ಲಿ ಹನ್ನೆರಡು ಕೆ.ಜಿ. ಇಳಿಸಿದಳು. “ದೊಡ್ಡಮ್ಮಾ, ಕೊಡದೊಳಗೆ ತಲೆ ಇಟ್ಟು ಮಾತಾಡಿದ ಹಾಗಾಗ್ತದೆ. ಉಸಿರು ಬಿಟ್ಟರೆ ಕಿವಿಯಲ್ಲಿ ಗಾಳಿ ಬೀಸ್ತದೆ” ಎಂದಳು. ಮನೆಯವರು ಮದುವೆಯ ಟೆನ್ಷನ್ ಎಂದರು. ಮೊದಲು ತೋರಿಸಿದ ವೈದ್ಯರು “ಕಿವಿ ಕಟ್ಟಿದೆ” ಎಂಬ ಮಾತನ್ನು ಹಿಡಿದುಕೊಂಡು ಮೂಗು ಬಿಡಿಸುವ ಹನಿ ಬರೆದರು; ಅದರಿಂದ ಇನ್ನೂ ಹೆಚ್ಚಾಯಿತು. ಆಗದೆ ಇನ್ನೇನು? ಆ ಹನಿ ಒಳಪೊರೆಯ ಊತ ಇಳಿಸುತ್ತದೆ, ತೆರೆದ ನಾಳ ಇನ್ನಷ್ಟು ತೆರೆದುಕೊಳ್ಳುತ್ತದೆ. ಹುಡುಗಿ ಊಟಕ್ಕೆ ಕೂತಾಗ ಮಾತಾಡುವುದನ್ನೇ ಬಿಟ್ಟಳು. ಕಚೇರಿಯಲ್ಲಿ ಫೋನು ಎತ್ತಲು ಹೆದರಿದಳು. ತನ್ನ ದನಿಯೇ ತನಗೆ ಶತ್ರುವಾದರೆ ಮನುಷ್ಯ ಎಷ್ಟು ಬೇಗ ಮೂಲೆ ಸೇರುತ್ತಾನೆ ಎಂಬುದನ್ನು ನಾನು ಆಗ ನೋಡಿದೆ.

ಎರಡನೆಯ ವೈದ್ಯರು ಒಂದೇ ಪ್ರಶ್ನೆ ಕೇಳಿದರು: “ಮಲಗಿದರೆ ಹೋಗುತ್ತದೆಯೇ?” ಹೋಗುತ್ತಿತ್ತು! ಅವಳನ್ನು ಕೂರಿಸಿ, ಒಂದು ಹೊಳ್ಳೆ ಮುಚ್ಚಿಸಿ, ಇನ್ನೊಂದರಿಂದ ಜೋರಾಗಿ ಉಸಿರಾಡಿಸಿ, ಕಿವಿಯ ತಮಟೆಯನ್ನು ಪರದೆಯ ಮೇಲೆ ತೋರಿಸಿದರು. ಪ್ರತಿ ಉಸಿರಿಗೂ ಅದು ಕಿಟಕಿಯ ಪರದೆಯಂತೆ ಒಳಗೆ ಹೊರಗೆ ಆಡುತ್ತಿತ್ತು. “ಅಯ್ಯೋ, ನಿಜವಾಗಲೂ ಇದೆಯಲ್ಲೇ!” ಎಂದಳು ನನ್ನ ತಂಗಿ.

ಇದಕ್ಕೆ ಪ್ಯಾಚುಲಸ್ ಯೂಸ್ಟೇಷಿಯನ್ ಟ್ಯೂಬ್ ಎಂದು ಹೆಸರು. ಪ್ಯಾಚುಲಸ್ ಎಂದರೆ ಲ್ಯಾಟಿನ್ನಿನಲ್ಲಿ ಅಗಲವಾಗಿ ತೆರೆದದ್ದು. ಹೊಸ ಕಾಲದ ಕಾಯಿಲೆಯೇನೂ ಅಲ್ಲ, 19ನೇ ಶತಮಾನದಿಂದಲೇ ವೈದ್ಯರು ಇದನ್ನು ಬಲ್ಲರು. ನಾಳದ ಪಕ್ಕದಲ್ಲಿ ಸ್ವಲ್ಪ ಕೊಬ್ಬು ಇರುತ್ತದೆ. ಅದು ದಿಂಬಿನ ಹಾಗೆ ಒತ್ತಿ ನಾಳವನ್ನು ಮುಚ್ಚಿಡಲು ನೆರವಾಗುತ್ತದೆ. ಬೇಗಬೇಗ ತೂಕ ಇಳಿಸಿದರೆ ಸೊಂಟದ ಜೊತೆಗೆ ಆ ದಿಂಬೂ ಕರಗುತ್ತದೆ. ಬಸಿರಿನಲ್ಲೂ ಕೆಲವರಿಗೆ ಬರುವುದುಂಟು, ಸಾಮಾನ್ಯವಾಗಿ ಹೆರಿಗೆಯ ನಂತರ ಹೋಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಬರಬಹುದು. ನಮ್ಮೂರಿನ ಮೇ ತಿಂಗಳಲ್ಲಿ ಜಿಮ್ಮಿಗೆ ಹೋಗಿ ಬೆವರು ಸುರಿಸಿ ನೀರು ಕುಡಿಯದವರು ಇದನ್ನು ನೆನಪಿಡಿ. ಮಲಗಿದಾಗ, ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಿದಾಗ ನಾಳದ ಸುತ್ತಲ ರಕ್ತನಾಳಗಳು ತುಂಬಿಕೊಂಡು ಅದು ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಗುರುತು ಹಿಡಿಯಲೂ ಇದೇ ದಾರಿ, ತಾತ್ಕಾಲಿಕ ಉಪಶಮನಕ್ಕೂ ಇದೇ.

ಬಹಳ ಜನಕ್ಕೆ ದೊಡ್ಡ ಔಷಧವೇನೂ ಬೇಕಾಗುವುದಿಲ್ಲ. ನೀರು ಚೆನ್ನಾಗಿ ಕುಡಿಯುವುದು, ಕಳೆದುಕೊಂಡ ತೂಕದಲ್ಲಿ ಸ್ವಲ್ಪವನ್ನು ಮರಳಿ ಪಡೆಯುವುದು, ವೈದ್ಯರು ಹೇಳಿದ ಪ್ರಕಾರ ಮೂಗಿಗೆ ಸಲೈನ್ ಹನಿ. ಕೆಲವರು ಕಾಫಿ ಕಡಿಮೆ ಮಾಡಿ ಎನ್ನುತ್ತಾರೆ (ಇರಾನಿ ಚಾಯ್ ಕೂಡ, ತಪ್ಪಿಸಿಕೊಳ್ಳಬೇಡಿ). ಇಷ್ಟಕ್ಕೆ ಬಗ್ಗದಿದ್ದರೆ ತಮಟೆಯ ಮೇಲೆ ಸಣ್ಣ ತೇಪೆ ಹಚ್ಚುವುದು, ನಾಳದ ಬಾಯಿಗೆ ಕೊಬ್ಬು ಸೇರಿಸುವುದು, ಜಪಾನಿನ ಕೊಬಯಾಶಿಯವರು ರೂಪಿಸಿದ ಸಿಲಿಕೋನ್ ಬೆಣೆ ಇಡುವುದು, ಹೀಗೆ ವಿಧಾನಗಳಿವೆ. ಅವು ಎಲ್ಲ ಕಡೆ ಸಿಗುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ಒಂದು ದುರಭ್ಯಾಸ ಮಾತ್ರ ಬೇಡ. ಮೂಗನ್ನು ಸರ್ರನೆ ಒಳಕ್ಕೆ ಎಳೆದರೆ ನಾಳ ಮುಚ್ಚಿಕೊಂಡು ಹಾಯೆನಿಸುತ್ತದೆ. ಆದ್ದರಿಂದ ಕೆಲವರು ದಿನವಿಡೀ ಎಳೆಯುತ್ತಲೇ ಇರುತ್ತಾರೆ. ಹಾಗೆ ಎಳೆದೂ ಎಳೆದೂ ತಮಟೆ ಒಳಕ್ಕೆ ಸೆಳೆದುಕೊಂಡು ಹೋಗಿ, ಮೂಳೆ ತಿನ್ನುವ ಗಡ್ಡೆಗೂ ದಾರಿಯಾಗಬಹುದು. ಇನ್ನು, ಉಸಿರಿನ ಸದ್ದಲ್ಲದೆ ಕಣ್ಣುಗುಡ್ಡೆ ತಿರುಗುವ ಸದ್ದು ಕೇಳಿಸಿದರೆ, ದೊಡ್ಡ ಶಬ್ದಕ್ಕೆ ತಲೆ ತಿರುಗಿದರೆ, ಅದು ಬೇರೆ ಕಾಯಿಲೆ ಇರಬಹುದು. ಒಳಗಿವಿಯ ಮೂಳೆಯಲ್ಲಿ ಕಿಂಡಿ ಬಿದ್ದು ಬರುವ ಅದನ್ನು 1998ರಲ್ಲಿ ಅಮೆರಿಕದ ಲಾಯ್ಡ್ ಮೈನರ್ ಮತ್ತು ಸಂಗಡಿಗರು ವಿವರಿಸಿದರು, ಅದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು.

ನಮ್ಮಲ್ಲಿ ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಇದೆ, ಬೇರೆ ತಜ್ಞರೂ ಇದ್ದಾರೆ. ಯಾರ ಹತ್ತಿರ ಹೋದರೂ “ಕಟ್ಟಿದೆ” ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನನ್ನ ದನಿ, ನನ್ನ ಉಸಿರು ನನಗೇ ಕೇಳಿಸುತ್ತದೆ, ಮಲಗಿದರೆ ಹೋಗುತ್ತದೆ, ಇಷ್ಟು ತಿಂಗಳಲ್ಲಿ ಇಷ್ಟು ತೂಕ ಇಳಿಸಿದ್ದೇನೆ ಎಂದು ಬಿಡಿಸಿ ಹೇಳಿ. ಸರದಿ ಕಾಯುವಾಗ ಬೆಂಚಿನ ಮೇಲೆ ಮಾತ್ರ ಮಲಗಬೇಡಿ. ಕಿವಿ ಸರಿಹೋಗಿಬಿಡುತ್ತದೆ, ಒಳಗೆ ಹೋದಾಗ ವೈದ್ಯರಿಗೆ ಏನೂ ಕಾಣುವುದಿಲ್ಲ!