ಕೋಳಿಮರಿಯ ಬಿಲ್ಲಿನಲ್ಲಿ ತಳಿಯ ಹೆಸರಿರಲಿ

ನನ್ನ ಕಕ್ಷಿದಾರರಲ್ಲಿ ಒಬ್ಬರು ಪಶು ಆಹಾರದ ವ್ಯಾಪಾರಿಗಳು. ಹಿತ್ತಲಲ್ಲಿ ಕೋಳಿ ಸಾಕುವವರಿಗಾಗಿ ಅವರು ಮರಿಗಳ ಮಾರಾಟವನ್ನೂ ಆರಂಭಿಸಿದ್ದರು. ‘ಬಣ್ಣದಿಂದಲೇ ಲಿಂಗ ತಿಳಿಯುವ ಮಿಶ್ರತಳಿ, ಎಲ್ಲವೂ ಹೇಟೆ’ ಎಂಬ ಮಾತನ್ನು ನಂಬಿ, ಹೆಚ್ಚಿನ ದರ ತೆತ್ತು 200 ಮರಿಗಳನ್ನು ತರಿಸಿ ಹಂಚಿದರು. ಕೆಲವೇ ತಿಂಗಳಲ್ಲಿ ಸುಮಾರು ಅರ್ಧದಷ್ಟು ಮರಿಗಳು ಗಿರಾಕಿಗಳ ಹಿತ್ತಲುಗಳಲ್ಲಿ ಹುಂಜಗಳಾಗಿ ಕೂಗತೊಡಗಿದವು. ಹಣ ಹಿಂದಿರುಗಿಸುವ ಹೊಣೆ ನನ್ನ ಕಕ್ಷಿದಾರರ ಮೇಲೆ ಬಿತ್ತು. ಅವರ ಕೈಯಲ್ಲಿದ್ದ ಖರೀದಿ ಬಿಲ್ಲಿನಲ್ಲಿ ‘ಮರಿ – 200’ ಎಂಬುದರ ಹೊರತು ಬೇರೇನೂ ಇರಲಿಲ್ಲ.

ವಿದ್ಯೆಯೇನೋ ಸುಳ್ಳಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಆರ್. ಸಿ. ಪನ್ನೆಟ್ ಅವರು, ಹುಂಜ ಮರಿಗಳಿಗೆ ವ್ಯಯವಾಗುವ ಆಹಾರವನ್ನು ಉಳಿಸುವ ಸಲುವಾಗಿಯೇ ಈ ವಿಧಾನವನ್ನು ಮುಂದಿಟ್ಟರು. ಹೇಟೆ ತನ್ನ ಬಣ್ಣದ ಈ ಗುಣವನ್ನು ಗಂಡು ಮರಿಗೆ ಮಾತ್ರ ಕೊಡಬಲ್ಲದು. ಹೆಣ್ಣು ಮರಿಗೆ ಅದು ತಂದೆಯಿಂದಲೇ ಬರಬೇಕು. ಆದುದರಿಂದ ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆ ಗರಿಯ ಪ್ಲಿಮತ್ ರಾಕ್ ಹೇಟೆಯೊಡನೆ ಕೂಡಿಸಿದರೆ, ಕಪ್ಪು ಮರಿಗಳಲ್ಲಿ ಗಂಡಿನ ನೆತ್ತಿಯ ಮೇಲೆ ಬಿಳಿಯ ಚುಕ್ಕೆ ಕಾಣುತ್ತದೆ, ಹೆಣ್ಣಿಗೆ ಇರುವುದಿಲ್ಲ. ಅದೇ ಹುಂಜಕ್ಕೆ ಲೈಟ್ ಸಸೆಕ್ಸ್ ಹೇಟೆಯನ್ನು ಕೂಡಿಸಿದರೆ ಹೆಣ್ಣು ಮರಿ ಕಂದುಗೆಂಪು, ಗಂಡು ತಿಳಿ ಹಳದಿ. ತಂದೆ ತಾಯಿಗಳನ್ನು ಅದಲುಬದಲು ಮಾಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಬಿಳಿಯ ಕೋಳಿಯೆಲ್ಲ ತಾಯಿಯಾಗಿ ಒದಗಲಾರದು; ವೈಟ್ ಲೆಗ್‌ಹಾರ್ನ್‌ನ ಬಿಳುಪು ಬೇರೆ ಜಾತಿಯದು, ಅದು ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಗುಣ ಒಂದೇ ತಲೆಮಾರಿನದು. ಮಿಶ್ರತಳಿಯ ಹುಂಜ ಹೇಟೆಗಳನ್ನೇ ಕೂಡಿಸಿ ಮರಿ ಮಾಡಿಸಿದರೆ ಬಣ್ಣಕ್ಕೂ ಲಿಂಗಕ್ಕೂ ನಂಟು ಉಳಿಯದು. ವಿಚಾರಿಸಿದಾಗ ನಮ್ಮ ಪ್ರಕರಣದಲ್ಲಿ ನಡೆದದ್ದೂ ಇದೇ ಎಂದು ತಿಳಿಯಿತು.

ತಳಿಯನ್ನು ಗುರುತಿಸುವಲ್ಲಿಯೂ ಬಣ್ಣವನ್ನೇ ನೆಚ್ಚುವುದು ತಪ್ಪು. ಬೆಂಗಳೂರಿನಲ್ಲಿ ರೂಪುಗೊಂಡ ನಮ್ಮ ಗಿರಿರಾಜ ಕೋಳಿಗೆ ಒಂದೇ ಬಣ್ಣವೆಂಬುದಿಲ್ಲ. ಜುಟ್ಟು, ಕಿವಿಹಾಲೆ, ಕಾಲು, ಚರ್ಮ ಇವನ್ನು ನೋಡಬೇಕು. ಅಸೀಲ್‌ಗೆ ತಲೆಗಂಟಿದ ಗಿಡ್ಡ ಜುಟ್ಟು, ನೀಳ ಕಾಲು. ಲೆಗ್‌ಹಾರ್ನ್‌ಗೆ ಬಿಳಿಯ ಕಿವಿಹಾಲೆ, ಬಿಳಿಯ ಮೊಟ್ಟೆ. ಕಡಕ್‌ನಾಥ್ ಆದರೆ ಚರ್ಮ, ನಾಲಗೆಗಳೂ ಕಪ್ಪಾಗಿರಬೇಕು. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ ದೊರೆತಿದೆ. ಗರಿ ಮಾತ್ರ ಕಪ್ಪಿರುವ ಕೋಳಿಯನ್ನು ಆ ಹೆಸರಿನಲ್ಲಿ ಮಾರುವವರು ಇದನ್ನು ಅರಿತಿರಲಿ.

ಜೀವಂತ ಕೋಳಿಗೆ ಜಿ.ಎಸ್.ಟಿ. ಇಲ್ಲ, ಆದ್ದರಿಂದ ಬಿಲ್ಲಿನ ಗೊಡವೆಯೂ ಬೇಡವೆಂಬ ಭಾವನೆ ನಮ್ಮ ವರ್ತಕರಲ್ಲಿದೆ. ನೋಂದಾಯಿತ ವ್ಯಾಪಾರಿಯು ವಿನಾಯಿತಿ ಪಡೆದ ಸರಕಿಗೆ ಕೊಡುವ ‘ಬಿಲ್ ಆಫ್ ಸಪ್ಲೈ’ಯಲ್ಲಿಯೂ ಸರಕಿನ ವಿವರಣೆ ಇರಲೇಬೇಕೆಂದು ನಿಯಮ 49 ಹೇಳುತ್ತದೆ. ‘ಮರಿ’ ಎಂಬ ಎರಡಕ್ಷರ ವಿವರಣೆಯಾಗದು. ತಂದೆ ತಳಿ, ತಾಯಿ ತಳಿ, ಎಷ್ಟನೆಯ ತಲೆಮಾರು, ಲಿಂಗ ಗುರುತಿಸಿದ್ದು ಬಣ್ಣದಿಂದಲೋ ಗುದಪರೀಕ್ಷೆಯಿಂದಲೋ ಎಂಬುದನ್ನು ಬರೆಯಲು ಎರಡು ಸಾಲು ಸಾಕು. ಗುದಪರೀಕ್ಷೆಯಲ್ಲಿ ನುರಿತವರೂ ಒಮ್ಮೊಮ್ಮೆ ತಪ್ಪುತ್ತಾರೆ. ನೂರಕ್ಕೆ ಎಷ್ಟು ಹುಂಜಗಳವರೆಗೆ ದೂರಿಲ್ಲ ಎಂಬುದನ್ನೂ ಮೊದಲೇ ನಮೂದಿಸುವುದು ಮಾರುವವರಿಗೇ ಕ್ಷೇಮ.

ನನ್ನ ಕಕ್ಷಿದಾರರು ಈಗ ಇಂತಹ ಬಿಲ್ಲಿಲ್ಲದೆ ಮರಿ ಇಳಿಸಿಕೊಳ್ಳುವುದಿಲ್ಲ. ಇಬ್ಬರು ಸರಬರಾಜುದಾರರು ಬರೆದುಕೊಡಲು ಒಪ್ಪದೆ ದೂರ ಸರಿದರು. ಮೂರನೆಯವರು ಮರಿಗೆ ಎರಡು ರೂಪಾಯಿ ಹೆಚ್ಚು ಕೇಳಿ, ಬರೆದುಕೊಟ್ಟರು.