‘ಮಾರಬಾರದೇ?’ ಎಂಬ ಮೆಚ್ಚುಗೆ

ಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ಸಾರಿನಪುಡಿಯನ್ನು ಹದವರಿತು ಹುರಿದು ಕುಟ್ಟಿದರೆ, ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಕೌದಿಯೊಂದನ್ನು ಹೊಲಿದರೆ, ಅಥವಾ ಹಬ್ಬಕ್ಕೆಂದು ಸಕ್ಕರೆ ಅಚ್ಚುಗಳನ್ನು ಮೂಲೆ ಮುಕ್ಕಾಗದಂತೆ ಎರೆದು ಬಿಡಿಸಿದರೆ, ನೋಡಿದವರ ಬಾಯಿಂದ ಈಚೆಗೆ ಮೊದಲು ಹೊರಡುವ ಮಾತು, ‘ಇಷ್ಟು ಚೆನ್ನಾಗಿ ಮಾಡುತ್ತೀರಲ್ಲ, ಮಾರಬಾರದೇ?’ ಎಂಬುದು. ಈ ಮಾತನ್ನು ಆಡುವವರು ಸಜ್ಜನರೆಂಬುದರಲ್ಲಿ ಸಂಶಯವಿಲ್ಲ. ಅವರ ಮೆಚ್ಚುಗೆಯೂ ನಿಷ್ಕಪಟವಾದುದೇ. ಆದರೆ ಒಂದು ಕೌಶಲವನ್ನು ಗೌರವಿಸುವುದಕ್ಕೆ ಅದಕ್ಕೊಂದು ಬೆಲೆ ಕಟ್ಟುವುದರ ಹೊರತು ಅನ್ಯಮಾರ್ಗವೇ ನಮಗೆ ಹೊಳೆಯದೆಹೋಗಿರುವುದು ಅಷ್ಟು ಶುಭವಾದ ಲಕ್ಷಣವೆಂದು ನನಗೆ ತೋರುವುದಿಲ್ಲ. ನಿತ್ಯದ ಅಡಿಗೆಗೂ ಅದರ ಮಗ್ಗುಲಲ್ಲಿಯೇ ಬೆಳೆದುಬಂದ ಹೊಲಿಗೆ, ಕಸೂತಿ, ರಂಗವಲ್ಲಿ, ಚಿತ್ತಾರಗಳಿಗೂ ಇಂದು ಗಿರಾಕಿಗಳಿಗಿಂತ ಹೆಚ್ಚಾಗಿ ಬೇಕಾಗಿರುವುದು ಬಿಡುವು. ಆ ಬಿಡುವನ್ನು ಒದಗಿಸಿಕೊಡಬೇಕಾದವರು ಅದೇ ಮನೆಯ ಊಟದ ಪಂಕ್ತಿಯಲ್ಲಿ ಕುಳಿತಿದ್ದಾರೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಮಣಕ್ಕೆ ಮುಂಚೆ ಸಿದ್ಧವಾಗುವ ಕುಸುರೆಳ್ಳನ್ನು ತೆಗೆದುಕೊಳ್ಳೋಣ. ನೋಡುವುದಕ್ಕೆ ಅದು ಮೈಯೆಲ್ಲ ಮುಳ್ಳೆದ್ದ ಒಂದು ಬಿಳಿಯ ಕಾಳು; ಬಾಯಲ್ಲಿ ಇಟ್ಟರೆ ಸಕ್ಕರೆ, ಸಕ್ಕರೆಯ ಒಡಲಲ್ಲಿ ಒಂದು ಎಳ್ಳು. ಆದರೆ ಆ ಮುಳ್ಳು ಏಳುವ ಬಗೆಯನ್ನು ಹತ್ತಿರ ಕುಳಿತು ಕಂಡವರಿಗೆ ಅದು ಬರಿಯ ತಿನಿಸಾಗಿ ತೋರದು. ಸಕ್ಕರೆಯನ್ನು ನೀರಿನಲ್ಲಿ ಕಾಯಿಸಿ, ಒಂದಿಷ್ಟು ಹಾಲು ಬಿಟ್ಟು, ಮೇಲೆದ್ದ ಕೊಳೆಯನ್ನು ತೆಗೆದು, ತಿಳಿಯಾದ ಪಾಕವನ್ನು ಮಗ್ಗುಲಲ್ಲಿ ಇರಿಸಿಕೊಂಡು, ಬೂದಿ ಮುಚ್ಚಿದ ಕೆಂಡದ ಮೇಲೆ ಅಗಲವಾದ ಪರಾತವನ್ನಿಟ್ಟು, ಅದರಲ್ಲಿ ಎಳ್ಳನ್ನು ಹರಡಿ, ಚಮಚದಿಂದ ಕೆಲವೇ ಹನಿ ಪಾಕವನ್ನು ಚಿಮುಕಿಸಿ, ಬೆರಳುಗಳ ತುದಿಯಿಂದ ಕಾಳುಗಳನ್ನು ಹಗುರವಾಗಿ ಆಡಿಸುತ್ತ, ತೇವವು ಆರಿ ಸಕ್ಕರೆಯು ಕಾಳಿಗೆ ಹತ್ತಿದ ಮೇಲೆ ಮತ್ತೆ ಕೆಲವು ಹನಿ ಬಿಡುತ್ತ, ಹೀಗೆ ದಿನಕ್ಕೆ ಇಷ್ಟಿಷ್ಟರಂತೆ ಹಲವು ದಿನ ನಡೆಯಬೇಕಾದ ಕೆಲಸವದು. ಪಾಕ ಒಂದಿಷ್ಟು ಹೆಚ್ಚು ಬಿದ್ದರೆ ಕಾಳುಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಕಾವು ಹೆಚ್ಚಿದರೆ ಬಿಳುಪು ಕೆಟ್ಟು ಹಳದಿಗೆ ತಿರುಗುತ್ತದೆ. ಕೈ ಒರಟಾದರೆ ಎದ್ದ ಮುಳ್ಳು ಸವೆದು ಕಾಳು ನುಣ್ಣಗಾಗುತ್ತದೆ. ಆ ಋತುವಿನ ಒಣ ಚಳಿಯು ಪಾಕದ ತೇವವನ್ನು ಬೇಗ ಹೀರುವುದರಿಂದ ಅನುಭವಸ್ಥರು ಬೆಳಗಿನ ಹೊತ್ತನ್ನೇ ಇದಕ್ಕೆ ಆರಿಸಿಕೊಳ್ಳುವರು. ಇಷ್ಟಾದ ಮೇಲೆ ಕೆಲವು ಮನೆಗಳಲ್ಲಿ ಆ ಕಾಳುಗಳನ್ನು ದಾರಕ್ಕೆ ಏರಿಸಿ ಸರ, ಬಳೆ, ಡಾಬುಗಳನ್ನು ಕಟ್ಟಿ ಹೊಸ ಸೊಸೆಗೋ ಮನೆಯ ಕೂಸಿಗೋ ತೊಡಿಸುವ ಪದ್ಧತಿಯುಂಟು. ಇದು ಅಡಿಗೆಯೋ ಆಭರಣ ಕಲೆಯೋ ಎಂಬ ಪ್ರಶ್ನೆಯನ್ನು ಆ ಮನೆಗಳಲ್ಲಿ ಯಾರೂ ಎತ್ತಿದಂತಿಲ್ಲ.

ಪೇಟೆಯಲ್ಲಿ ಈಗ ಬಣ್ಣಬಣ್ಣದ ಕುಸುರೆಳ್ಳು ಪೊಟ್ಟಣಗಳಲ್ಲಿ ದೊರೆಯುತ್ತದೆ. ಯಂತ್ರದಿಂದ ತಿರುಗುವ ಕಡಾಯಿಗಳಲ್ಲಿ ಅದನ್ನು ರಾಶಿರಾಶಿಯಾಗಿ ತಯಾರಿಸುತ್ತಾರೆ. ಅದರಲ್ಲಿ ಆಕ್ಷೇಪಿಸತಕ್ಕದ್ದೂ ಏನಿಲ್ಲ. ಆ ಪೊಟ್ಟಣದ ಬೆಲೆಯ ಎದುರಿಗೆ ಮನೆಯಾಕೆಯ ಬೆಳಗುಗಳನ್ನು ಇಟ್ಟು ತೂಗಿದರೆ ಆಕೆ ಮಾಡಿದ್ದು ಶುದ್ಧ ನಷ್ಟದ ವ್ಯಾಪಾರವಾಗುತ್ತದೆ. ಅದು ವ್ಯಾಪಾರವೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೆಂದ ಮಾತ್ರಕ್ಕೆ ಮಾರುವವರನ್ನು ನಾನು ಕೀಳಾಗಿ ಕಾಣುತ್ತಿದ್ದೇನೆಂದು ಯಾರೂ ಭಾವಿಸಬಾರದು. ಅಗತ್ಯವಿದ್ದವರಿಗೆ ಅಡಿಗೆಯ ವಿದ್ಯೆಯೇ ಅನ್ನದ ಮಾರ್ಗವಾಗಿದೆ. ಕಲಬುರಗಿ, ವಿಜಯಪುರಗಳ ಕಡೆ ಜೋಳದ ಕಡಕ್ ರೊಟ್ಟಿಯನ್ನು ತಟ್ಟಿ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ಅನೇಕರು. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ 7 ಮಂದಿ ಸ್ತ್ರೀಯರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಒತ್ತಲು ತೊಡಗಿದ್ದೇ ಲಿಜ್ಜತ್ ಎಂಬ ದೊಡ್ಡ ಸಂಸ್ಥೆಯ ಮೂಲವಾಯಿತು. ಅದು ಉದ್ಯೋಗ, ಅದಕ್ಕೆ ಸಲ್ಲಬೇಕಾದ ಮಾನ ಸಲ್ಲಲಿ. ನಾನು ಹೇಳುತ್ತಿರುವುದು ಮಾರುವ ಅಗತ್ಯವಾಗಲಿ ಇಚ್ಛೆಯಾಗಲಿ ಇಲ್ಲದ ಕಡೆಯಲ್ಲಿಯೂ, ಮಾರದಿದ್ದರೆ ಆ ಕೌಶಲವು ವ್ಯರ್ಥವಾಯಿತೆಂಬ ಭಾವನೆಯನ್ನು ನಾವು ಹರಡುತ್ತಿರುವ ವಿಷಯವನ್ನು ಕುರಿತು. ವಿಕ್ರಯಕ್ಕೆ ತನ್ನದೇ ಆದ ಧರ್ಮವೊಂದಿದೆ. ನಿನ್ನೆಯ ರುಚಿಯೇ ಇಂದೂ ಇರಬೇಕು, ಇಂದಿನ ರುಚಿಯೇ ಮುಂದಿನ ತಿಂಗಳೂ ಇರಬೇಕು, ಇಲ್ಲವಾದರೆ ಕೊಂಡವನು ದೂರುತ್ತಾನೆ. ಮನೆಯ ಒಲೆಗೆ ಈ ಧರ್ಮ ಅನ್ವಯಿಸುವುದಿಲ್ಲ.

ಮನೆಯ ಅಡಿಗೆಯ ಪ್ರತಿಭೆಯೆಲ್ಲ ಇರುವುದು ಅದು ದಿನದಿನವೂ ಬದಲಾಗುವುದರಲ್ಲಿ. ಬೇಳೆ ಬೇಯಿಸಿದ ಕಟ್ಟು ಒಂದೇ. ಆದರೆ ಟೊಮ್ಯಾಟೊ ಹುಳಿಯಾಗಿದ್ದರೆ ಹುಣಿಸೆಹಣ್ಣು ಕಡಿಮೆಯಾಗುತ್ತದೆ, ಕೂಸಿಗೆಂದು ಒಂದು ಸೌಟು ಖಾರ ಬೀಳುವ ಮುನ್ನವೇ ಪಕ್ಕಕ್ಕೆ ಹೋಗುತ್ತದೆ, ಯಜಮಾನರಿಗೆ ಮೈ ಬೆಚ್ಚಗಾಗಿದೆಯೆಂದು ತಿಳಿದರೆ ಮೆಣಸು ಜೀರಿಗೆ ಹುರಿದು ಬೀಳುತ್ತವೆ. ಬೇಸಗೆಯ ಉರಿ ಏರಿದಾಗ ಮಲೆನಾಡಿನ ಗೃಹಿಣಿ ಹಿತ್ತಿಲಿಗೆ ಹೋಗಿ ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಕಿತ್ತು ತಂದು, ತುಪ್ಪದಲ್ಲಿ ಬಾಡಿಸಿ, ಕಾಯಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಾಳೆ. ಅಂದಿನ ಬಿಸಿಲು ಅಷ್ಟಿಲ್ಲದಿದ್ದರೆ ಆ ಎಲೆಗಳು ಹಿತ್ತಿಲಲ್ಲಿಯೇ ಉಳಿಯುತ್ತಿದ್ದವು. ಉಣ್ಣುವವರ ಮುಖ, ಆಕಾಶದ ಬಣ್ಣ, ಬುಟ್ಟಿಯಲ್ಲಿ ಉಳಿದ ತರಕಾರಿ, ತಿಂಗಳ ಕೊನೆಯ ಬರಿಗೈ, ಈ ನಾಲ್ಕನ್ನೂ ಏಕಕಾಲದಲ್ಲಿ ಗಣನೆಗೆ ತಂದುಕೊಂಡು ಅರ್ಧ ಗಳಿಗೆಯಲ್ಲಿ ನಿರ್ಣಯಕ್ಕೆ ಬರುವ ಬುದ್ಧಿಯು ಸಾಮಾನ್ಯವಾದುದಲ್ಲ. ಅದನ್ನು ಪೊಟ್ಟಣದಲ್ಲಿ ತುಂಬುವ ಉಪಾಯ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈ ಬುದ್ಧಿ ನಮ್ಮ ಗ್ರಂಥಗಳಲ್ಲಿಯೂ ವಿಶೇಷವಾಗಿ ದಾಖಲಾಗಿಲ್ಲವೆಂಬುದು ಕುತೂಹಲಕರ. ಪಾಕಶಾಸ್ತ್ರದ ವಿಷಯದಲ್ಲಿ ಕನ್ನಡ ನಾಡು ದರಿದ್ರವೇನಲ್ಲ. ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಕೃಷಿ, ಜ್ಯೋತಿಷ, ವೈದ್ಯಗಳ ನಡುವೆ ಅಡಿಗೆಗೂ ಸ್ಥಾನ ಕೊಟ್ಟನು, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಸಾಲಿನಲ್ಲಿ ಭೋಜನವನ್ನು ವಿಸ್ತರಿಸಿ ವರ್ಣಿಸಿದನು, ಹದಿನಾರನೆಯ ಶತಮಾನದ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿಯೇ ರಚಿಸಿದನು. ಒಬ್ಬ ಆಸ್ಥಾನ ಪಂಡಿತ, ಒಬ್ಬ ಚಕ್ರವರ್ತಿ, ಒಬ್ಬ ಪಾಳೆಯಗಾರ ಕವಿ. ಮೂವರೂ ಪುರುಷರು, ಮೂವರೂ ಉಂಡವರು. ಒಲೆಯ ಮುಂದೆ ಕುಳಿತವರು ಬರೆಯಲಿಲ್ಲ, ಬರೆಯುವುದಕ್ಕೆ ಅವರಿಗೆ ಪುರಸೊತ್ತೂ ಇರಲಿಲ್ಲ. ಆದ್ದರಿಂದ ಪದಾರ್ಥಗಳ ಹೆಸರು ಉಳಿದುವು. ಇಂದು ಏನು ಮಾಡಲಿ ಎಂದು ಬೆಳಗ್ಗೆ ಎದ್ದು ಯೋಚಿಸಿದವಳ ಯೋಚನೆ ಅಳಿದುಹೋಯಿತು.

ಅಡಿಗೆಮನೆಯ ಈ ಬುದ್ಧಿಯೇ ಹೊಸಿಲು ದಾಟಿ ಬಂದಾಗ ಚಿತ್ರವಾಗುತ್ತದೆಂಬುದಕ್ಕೆ ಮಲೆನಾಡಿನ ದೀವರ ಹಸೆ ಚಿತ್ತಾರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಸಾಗರದ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಮನೆಯ ಗೋಡೆಯ ಮೇಲೆ ಹೆಂಗಸರು ಬರೆಯುವ ಆ ಗೆರೆಗಳಿಗೆ ಬಣ್ಣವನ್ನು ಅಂಗಡಿಯಿಂದ ತರುವ ರೂಢಿಯಿರಲಿಲ್ಲ. ನೆನೆದ ಅಕ್ಕಿಯನ್ನು ರುಬ್ಬಿದರೆ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವ ತನಕ ಹುರಿದು ಅರೆದರೆ ಕಪ್ಪು, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆಯ ಬೀಜ, ಕುಂಚಕ್ಕೆ ಪುಂಡಿಯ ನಾರು. ಅಂದರೆ ಚಿತ್ರಕಾರ್ತಿಯ ಸಾಮಗ್ರಿಯಲ್ಲಿ ಅರ್ಧವು ಅನ್ನದ ಪಾತ್ರೆಗೆ ಹೋಗಬೇಕಾದ ಧಾನ್ಯ, ಆಕೆಯ ಸಲಕರಣೆ ರುಬ್ಬುವ ಕಲ್ಲು. ಅಕ್ಕಿ ಎಷ್ಟು ಹುರಿದರೆ ಕಂದುತ್ತದೆ, ಎಷ್ಟು ಹುರಿದರೆ ಕರಿಕಾಗುತ್ತದೆಯೆಂಬ ಪರಿಜ್ಞಾನವು ಆಕೆಗೆ ಒಲೆಯ ಬಳಿ ಬಂದದ್ದೇ ಹೊರತು ಚಿತ್ರಶಾಲೆಯಲ್ಲಿ ಅಲ್ಲ.

ಧಾರವಾಡದ ಕಡೆಯ ಕಸೂತಿಯ ಕಥೆ ತುಸು ಬೇರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಬ್ಬಿಸುವ ಈ ವಿದ್ಯೆಯಲ್ಲಿ ಮೊದಲು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಚುಚ್ಚಬೇಕು. ಗವಂತಿಯಲ್ಲಂತೂ ಸೂಜಿಯು ಒಂದು ಮನೆ ಬಿಟ್ಟು ಒಂದು ಮನೆ ಹಿಡಿಯುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುವುದರಿಂದ, ಬಟ್ಟೆಯ ಎರಡು ಮಗ್ಗುಲೂ ಒಂದೇ ಆಗಿ ಕಾಣುತ್ತವೆ; ಹಿಂಬದಿಯಲ್ಲಿ ಗಂಟೊಂದು ಕಂಡರೂ ಹಿರಿಯರು ಒಪ್ಪುತ್ತಿರಲಿಲ್ಲ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಸೇರಬೇಕಾದಲ್ಲಿ ಸೇರುವುದಿಲ್ಲ, ಬಿಚ್ಚಿ ಮತ್ತೆ ಆರಂಭಿಸಬೇಕು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಅದರ ಹೆಸರಿಗೆ ರಕ್ಷಣೆ ಬಂದಿತು, ಕೆಲವು ಮನೆಗಳಿಗೆ ಆದಾಯವೂ ಬಂದಿತು, ಸಂತೋಷ. ಆದರೆ ಎಣಿಸುತ್ತ ಕುಳಿತುಕೊಳ್ಳಲು ಅಡ್ಡಿಯಿಲ್ಲದ ಎರಡು ಗಂಟೆಗಳನ್ನು ಯಾವ ಮಾನ್ಯತೆಯ ಪತ್ರವೂ ತಂದುಕೊಡಲಾರದು. ಎಣಿಕೆಯ ನಡುವೆ ‘ಅಮ್ಮಾ, ಕಾಫಿ’ ಎಂಬ ಕೂಗು ಒಂದೇ ಒಂದು ಬಂದರೆ ಸಾಕು, ಎಳೆಗಳು ಎಷ್ಟಾದುವೆಂಬುದು ಮರೆತುಹೋಗುತ್ತದೆ.

ಹಾಗಾದರೆ ಬಿಡುವು ಎಲ್ಲಿ ಹೋಯಿತು? 1960ರ ದಶಕದಿಂದೀಚೆಗೆ ಪ್ರೆಶರ್ ಕುಕ್ಕರು, ಮಿಕ್ಸಿ, ಗ್ಯಾಸ್ ಒಲೆಗಳು ಒಂದೊಂದಾಗಿ ನಮ್ಮ ಅಡಿಗೆಮನೆಗಳನ್ನು ಪ್ರವೇಶಿಸಿದುವು. ಗಂಟೆಗಟ್ಟಲೆ ಬೇಯುತ್ತಿದ್ದ ಬೇಳೆ ನಾಲ್ಕು ಸೀಟಿಗೆ ಬೆಂದಿತು. ಒರಳಿನ ಮುಂದೆ ಬಗ್ಗಿದ ಬೆನ್ನು ನೆಟ್ಟಗಾಯಿತು. ಈ ಉಪಕಾರವನ್ನು ಮರೆಯುವವನು ಕೃತಘ್ನ. ಒರಳುಕಲ್ಲಿನ ರುಚಿಯನ್ನು ಹೊಗಳಿ ಬರೆಯುವ ನಮ್ಮಂಥವರಲ್ಲಿ ಬಹುಮಂದಿ ಅದನ್ನು ತಿರುಗಿಸಿದವರಲ್ಲ. ಆದರೆ ಉಳಿದ ಹೊತ್ತನ್ನು ಗೃಹಿಣಿಯ ಕೈಗೆ ಕೊಡಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಬೆಳಗಿನ ತಿಂಡಿಯ ಬಗೆಗಳು ಹೆಚ್ಚಿದುವು, ಒಬ್ಬೊಬ್ಬರಿಗೆ ಒಂದೊಂದು ಡಬ್ಬಿಯಾಯಿತು, ಶಾಲೆಯ ಪಾಠವು ಊಟದ ಮೇಜಿಗೆ ಬಂದಿತು, ಹೊರಗಿನ ಉದ್ಯೋಗವೂ ಹಲವರ ಹೆಗಲಿಗೇರಿತು. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು ಕ್ರಮವಾಗಿ 289 ಮತ್ತು 88 ನಿಮಿಷ. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿದಿದೆ. ಗಂಡಸರು ತಾವೂ ಒಂಬತ್ತು ನಿಮಿಷಗಳನ್ನು ಉಳಿಸಿಕೊಂಡಿರುವುದರಿಂದ, ಆ ಹತ್ತು ನಿಮಿಷದ ಶ್ರೇಯಸ್ಸು ಅವರಿಗೆ ಸಲ್ಲುವಂತೆ ಕಾಣುವುದಿಲ್ಲ. ಇವರಾದರೂ ಕೆಲಸಕ್ಕೆ ಕೈಹಚ್ಚಿದ ಪುರುಷರು. ಕೈಹಚ್ಚದವರು ಈ ಸರಾಸರಿಯ ಹೊರಗೇ ಉಳಿದಿದ್ದಾರೆ.

ನಮ್ಮ ಪುರಾಣಗಳಲ್ಲಿ ಪಾಕಪ್ರವೀಣರೆಂದು ಹೆಸರಾದವರು ನಳನೂ ಭೀಮನೂ. ನಮ್ಮ ಮದುವೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರು ಗಂಡಸರು. ಉಡುಪಿಯ ಹೋಟೆಲುಗಳನ್ನು ದೇಶಕ್ಕೆಲ್ಲ ಪ್ರಸಿದ್ಧಗೊಳಿಸಿದವರೂ ಅವರೇ. ಕೂಲಿಗಾಗಿ, ಕೀರ್ತಿಗಾಗಿ ಸೌಟು ಹಿಡಿದ ಕೈಗೆ ಸ್ವಂತ ಮನೆಯ ಸೌಟು ಮಾತ್ರ ಭಾರವಾಗುವುದೇಕೆಂಬುದಕ್ಕೆ ತೃಪ್ತಿಕರವಾದ ಉತ್ತರವನ್ನು ನಾನು ಕೇಳಿಲ್ಲ. ಈಚೆಗೆ ಕೆಲವು ಯಜಮಾನರು ಭಾನುವಾರದಂದು ವಾಂಗೀಭಾತನ್ನೋ ಬಿರಿಯಾನಿಯನ್ನೋ ಸಮಾರಂಭಪೂರ್ವಕವಾಗಿ ತಯಾರಿಸಿ, ಮನೆಯವರಿಂದೆಲ್ಲ ಪ್ರಶಂಸೆ ಪಡೆದು, ಎಣ್ಣೆ ಹಿಡಿದ ಬಾಣಲೆಗಳನ್ನು ತೊಟ್ಟಿಯಲ್ಲಿ ಹಾಗೆಯೇ ಬಿಟ್ಟು ನಿದ್ರೆಗೆ ತೆರಳುವುದುಂಟು. ಅದು ಅವರ ಹವ್ಯಾಸ. ಅದಕ್ಕೆ ನನ್ನ ವಿರೋಧವಿಲ್ಲ. ಅಡಿಗೆಯು ಹವ್ಯಾಸವಾಗುವ ಸುಖವು ಅದನ್ನು ಬೇಕೆಂದಾಗ ಬಿಡಬಲ್ಲವನಿಗೆ ಮಾತ್ರ ಉಂಟು. ಬಿಡಲಾಗದವಳಿಗೆ ಅದು ಎಷ್ಟೇ ಪ್ರೀತಿಯ ಕೆಲಸವಾದರೂ ಕೆಲಸವೇ. ಮನೆಯ ಅಡಿಗೆಯನ್ನು ತಪಸ್ಸೆಂದೂ ಯಜ್ಞವೆಂದೂ ಸ್ತುತಿಸುವ ಭಾಷಣಗಳಲ್ಲಿ ಈ ವ್ಯತ್ಯಾಸವು ಬಹಳ ಸುಲಭವಾಗಿ ಮರೆಯಾಗುತ್ತದೆ.

ಆದುದರಿಂದ ಮನೆಯಾಕೆಯ ಕೌಶಲವನ್ನು ನಿಜವಾಗಿ ಮೆಚ್ಚುವವರು ಭಾನುವಾರದ ಭಾತಿಗಿಂತ ಮಂಗಳವಾರದ ಸಾರನ್ನು ಕಲಿಯುವುದು ಮೇಲು. ಮಗನಾಗಲಿ ಮಗಳಾಗಲಿ, ಹತ್ತು ಹನ್ನೆರಡರ ವಯಸ್ಸಿಗೆ ಅಕ್ಕಿ ತೊಳೆದು ಬೆರಳಿನ ಗೆಣ್ಣಿನಿಂದ ನೀರು ಅಳೆಯುವುದನ್ನೂ, ಸಾಸಿವೆ ಸಿಡಿದ ಮೇಲೆಯೇ ಕರಿಬೇವು ಹಾಕಬೇಕೆಂಬುದನ್ನೂ, ಇಂಗು ಎಷ್ಟು ಕಡಿಮೆಯಾದರೆ ಸಾಕೆಂಬುದನ್ನೂ ತಿಳಿದಿರಬೇಕು. ಮೊದಲ ಕೆಲವು ವಾರ ಸಾರು ನೀರಾಗುವುದು, ಅನ್ನ ತಳ ಹಿಡಿಯುವುದು, ಮಾತಾಡದೆ ಉಣ್ಣತಕ್ಕದ್ದು. ಹಾಗೆ ದೊರೆತ ಸಂಜೆಯಲ್ಲಿ ಆಕೆ ಕೌದಿಯನ್ನೇ ಹೊಲಿಯಲಿ, ಚಿತ್ತಾರವನ್ನೇ ಬರೆಯಲಿ, ವೀಣೆಯ ತಂತಿಯನ್ನೇ ಬಿಗಿಯಲಿ, ಅಥವಾ ಏನನ್ನೂ ಮಾಡದೆ ಜಗಲಿಯಲ್ಲಿ ಕುಳಿತಿರಲಿ. ಅದರ ಲೆಕ್ಕ ಕೇಳುವ ಹಕ್ಕು ನಮಗಿಲ್ಲ. ಒಂದು ನಿಯಮವನ್ನು ಮಾತ್ರ ಪಾಲಿಸಬೇಕು: ಒಗ್ಗರಣೆಗೆ ಎಣ್ಣೆ ಕಾಯಲಿಟ್ಟ ಮೇಲೆ, ಸಾಸಿವೆಯ ಡಬ್ಬಿ ಯಾವ ಕಪಾಟಿನಲ್ಲಿದೆಯೆಂದು ಒಳಗಿನಿಂದ ಆಕೆಯನ್ನು ಕೂಗಿ ಕೇಳಕೂಡದು.